ತೀರ್ಪಿನ ಮೇಲೆ ಮರುವಿಚಾರ: ಕೊಲೆ ಮೊಕದ್ದಮೆಯಲ್ಲಿ ಮೇಲ್ಮನವಿ

ಕಳೆದ ಶ್ರಾವಣದ ಒಂದು ಸಂಜೆ. ದಾಸೋಹ ಮುಗಿದು ಭಕ್ತರೆಲ್ಲ ಊರ ದಾರಿ ಹಿಡಿದಿದ್ದರು. ಮಠದ ಕಟ್ಟೆಯ ಮೇಲೆ ವೃದ್ಧ ತಾಯಿಯೊಬ್ಬರು ಮಾತ್ರ ಸೆರಗಿನಿಂದ ಮುಖ ಮುಚ್ಚಿಕೊಂಡು ಕುಳಿತಿದ್ದರು. ವಿಚಾರಿಸಿದೆವು. ಹೊಲದ ಬದುವಿನ ಜಗಳದಲ್ಲಿ ಒಂದು ಜೀವ ಹೋಗಿತ್ತು. ಸೆಷನ್ಸ್ ನ್ಯಾಯಾಲಯವು ಆ ತಾಯಿಯ ಮಗನನ್ನು ಕೊಲೆಯ ಅಪರಾಧಿಯೆಂದು ನಿರ್ಣಯಿಸಿ ಜೀವಾವಧಿ ಶಿಕ್ಷೆ ವಿಧಿಸಿ ಇಪ್ಪತ್ತು ದಿನಗಳಾಗಿದ್ದವು. “ಎಲ್ಲಾ ಮುಗೀತಲ್ರೀ ಅಪ್ಪಾರ, ಇನ್ನ ಯಾರ ಕಾಲು ಹಿಡೀಲಿ?” ಎಂದರು.

“ಯಾರ ಕಾಲನ್ನೂ ಹಿಡಿಯಬೇಡಿ ತಾಯಿ, ಇನ್ನೂ ನಲವತ್ತು ದಿನಗಳಿವೆ” ಎಂದು ನಾವು ಹೇಳಿದೆವು. ಆ ಮಾತು ಅವರಿಗೆ ಅರ್ಥವಾಗಲಿಲ್ಲ. ಇಂತಹ ಕಷ್ಟ ಯಾವ ಮನೆಗೂ ಬಾರದಿರಲಿ. ಬಂದಲ್ಲಿ ಕತ್ತಲೆಯಲ್ಲಿ ಕೂರುವಂತಾಗದಿರಲಿ ಎಂಬ ಉದ್ದೇಶದಿಂದ, ಕಾನೂನು ಬಲ್ಲವರಿಂದ ಕೇಳಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲನೆಯದಾಗಿ, ಮೇಲ್ಮನವಿಯೆಂಬುದು ದಯಾಭಿಕ್ಷೆಯಲ್ಲ. ರಾಜ್ಯಪಾಲರಿಗೂ ರಾಷ್ಟ್ರಪತಿಗಳಿಗೂ ಸಲ್ಲಿಸುವ ಕ್ಷಮಾದಾನದ ಅರ್ಜಿ ಬೇರೆ, ಇದು ಬೇರೆ. ಸೆಷನ್ಸ್ ನ್ಯಾಯಾಲಯದಲ್ಲಿ ಇಂತಹ ಶಿಕ್ಷೆಗೊಳಗಾದವನು ಉಚ್ಚ ನ್ಯಾಯಾಲಯಕ್ಕೆ ಹೋಗುವುದು ಕಾನೂನು ಕೊಟ್ಟ ಹಕ್ಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 374ನೆಯ ಕಲಮಿನಲ್ಲಿದ್ದ ಈ ಹಕ್ಕು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 415ನೆಯ ಕಲಮಿನಲ್ಲಿ ಉಳಿದು ಬಂದಿದೆ. ಅವಧಿ, ಶಿಕ್ಷೆಯಾದ ದಿನದಿಂದ 60 ದಿನಗಳು; ಮರಣದಂಡನೆಯಾದರೆ 30 ದಿನಗಳು. ತಡವಾದಲ್ಲಿ ತಕ್ಕ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದಾದರೂ, ಅದನ್ನು ನಂಬಿ ಕೂರುವುದು ಜಾಣತನವಲ್ಲ. ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿದಾಗಲಂತೂ, ಅಪರಾಧಿ ಕೇಳಲಿ ಬಿಡಲಿ, ಕಡತವು ಉಚ್ಚ ನ್ಯಾಯಾಲಯಕ್ಕೆ ಹೋಗಲೇಬೇಕು. ಅಲ್ಲಿ ಸ್ಥಿರಪಡದೆ ಆ ಶಿಕ್ಷೆಯನ್ನು ಜಾರಿಗೊಳಿಸಲಾಗದು.

ಎರಡನೆಯದು ಹಣದ ಮಾತು. ಆ ತಾಯಿಗೆ ಎರಡು ಎಕರೆ ಮಾರಲು ಯಾರೋ ಸಲಹೆ ಕೊಟ್ಟಿದ್ದರು. ಬಂಧನದಲ್ಲಿರುವವರು, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಉಚಿತವಾಗಿ ವಕೀಲರನ್ನು ಪಡೆಯಬಹುದು. ತೀರ್ಪಿನ ಪ್ರತಿಯನ್ನು ಹಣವಿಲ್ಲದೆ ಕೊಡಬೇಕೆಂಬುದೂ ಕಾನೂನೇ. ಮೇಲ್ಮನವಿಗೆ ವಕೀಲರ ನೆರವನ್ನೂ ತೀರ್ಪಿನ ಪ್ರತಿಯನ್ನೂ ಬಂದಿಗೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿಯೇ ಸಾರಿತು. ಮನವಿಯನ್ನು ಸೆರೆಮನೆಯ ಅಧಿಕಾರಿಯ ಕೈಗೆ ಕೊಟ್ಟರೂ ಸಾಕು, ಅವರು ಅದನ್ನು ನ್ಯಾಯಾಲಯಕ್ಕೆ ಕಳುಹಿಸಬೇಕು. ಉತ್ತರ ಕರ್ನಾಟಕದವರು ಹಿಂದೆ ಬೆಂಗಳೂರಿಗೇ ಹೋಗಬೇಕಿತ್ತು. 2008ರಲ್ಲಿ ಧಾರವಾಡ ಮತ್ತು ಕಲಬುರಗಿಗಳಲ್ಲಿ ಸಂಚಾರಿ ಪೀಠಗಳು ಆರಂಭವಾಗಿ, 2013ರಲ್ಲಿ ಅವು ಕಾಯಂಗೊಂಡಿವೆ.

ಉಚ್ಚ ನ್ಯಾಯಾಲಯದಲ್ಲಿ ನಡೆಯುವುದೇನು? ಸಾಕ್ಷಿಗಳ ಹೇಳಿಕೆ, ಪಾಟೀಸವಾಲು, ಮಹಜರು, ಶವಪರೀಕ್ಷೆಯ ವರದಿ ಎಲ್ಲವನ್ನೂ ನ್ಯಾಯಮೂರ್ತಿಗಳು ಮತ್ತೆ ಓದಿ ತೂಗುತ್ತಾರೆ. ಬಿಡುಗಡೆ ಮಾಡಬಹುದು, ಕೊಲೆಯಲ್ಲದ ನರಹತ್ಯೆಯೆಂದು ಪರಿಗಣಿಸಿ ಶಿಕ್ಷೆ ತಗ್ಗಿಸಬಹುದು, ಮರುವಿಚಾರಣೆಗೆ ಆದೇಶಿಸಬಹುದು, ಕೆಳಗಿನ ತೀರ್ಪನ್ನೇ ಎತ್ತಿಹಿಡಿಯಲೂಬಹುದು. ಹೊಸ ಸಾಕ್ಷ್ಯಕ್ಕೆ ಅವಕಾಶ ವಿರಳ. ಆದ್ದರಿಂದ ಸುಳ್ಳು ಸಾಕ್ಷಿಗಳನ್ನು ಹುಡುಕುತ್ತ ಅಲೆಯುವುದು ಅಧರ್ಮವಷ್ಟೇ ಅಲ್ಲ, ವ್ಯರ್ಥವೂ ಹೌದು. ಮೇಲ್ಮನವಿ ಇತ್ಯರ್ಥವಾಗುವವರೆಗೆ ಶಿಕ್ಷೆಯನ್ನು ತಡೆದು ಜಾಮೀನು ಕೊಡುವಂತೆ ಕೇಳಬಹುದು. ಆದರೆ ಕೊಲೆಯ ಪ್ರಕರಣದಲ್ಲಿ ಸರ್ಕಾರಿ ಅಭಿಯೋಜಕರ ಆಕ್ಷೇಪಣೆಗೆ ಅವಕಾಶ ಕೊಟ್ಟೇ ಅದನ್ನು ತೀರ್ಮಾನಿಸಬೇಕು. ಅದು ಸುಲಭವಾಗಿ ದೊರೆಯುವಂಥದಲ್ಲ.

ಕಂಡವರಿಲ್ಲದ ಕೊಲೆಯಲ್ಲಿ ಸಾಂದರ್ಭಿಕ ಸಾಕ್ಷ್ಯವೇ ಆಧಾರ. ಅದನ್ನು ಅಳೆಯಲು ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಐದು ಸೂತ್ರಗಳನ್ನು ಕ್ರೋಡೀಕರಿಸಿತು. ನ್ಯಾಯವಾದಿಗಳು ಅದನ್ನು ಪಂಚಶೀಲವೆನ್ನುತ್ತಾರೆ. ಸಂದರ್ಭಗಳು ಪೂರ್ಣವಾಗಿ ಸಿದ್ಧವಾಗಿರಬೇಕು, ಆರೋಪಿಯ ತಪ್ಪಿಗೆ ಮಾತ್ರ ಹೊಂದಿಕೊಳ್ಳಬೇಕು, ನಿರ್ಣಾಯಕವಾಗಿರಬೇಕು, ಬೇರಾವ ಊಹೆಗೂ ಎಡೆಗೊಡಬಾರದು, ಕೊಂಡಿಗಳು ಒಂದೂ ತಪ್ಪದೆ ಸರಪಳಿಯಾಗಬೇಕು. ಆ ಪ್ರಕರಣದಲ್ಲಿ ಎರಡು ನ್ಯಾಯಾಲಯಗಳು ವಿಧಿಸಿದ್ದ ಮರಣದಂಡನೆಯು ರದ್ದಾಗಿ ಆರೋಪಿಗೆ ಬಿಡುಗಡೆಯಾಯಿತು.

ನ್ಯಾಯಪೀಠವೂ ಮನುಷ್ಯರದೇ. 2003ರಲ್ಲಿ ಮಹಾರಾಷ್ಟ್ರದ ಜಾಲ್ನಾ ಜಿಲ್ಲೆಯಲ್ಲಿ ನಡೆದ ಸಾಮೂಹಿಕ ಕೊಲೆಗಾಗಿ ಅಲೆಮಾರಿ ಬುಡಕಟ್ಟಿನ ಆರು ಮಂದಿಗೆ ಸೆಷನ್ಸ್ ನ್ಯಾಯಾಲಯವು ಮರಣದಂಡನೆ ವಿಧಿಸಿತು. ಉಚ್ಚ ನ್ಯಾಯಾಲಯವು ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. 2009ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಆರೂ ಮಂದಿಗೆ ಮರಣದಂಡನೆಯೆಂದಿತು. ಆಮೇಲೆ ಪುನರ್ವಿಮರ್ಶೆಯ ಮೂಲಕ ಮತ್ತೆ ಆಲಿಸಿದಾಗ, ಪ್ರತ್ಯಕ್ಷಸಾಕ್ಷಿಯು ಪೊಲೀಸರ ಭಾವಚಿತ್ರಗಳಲ್ಲಿ ಬೇರೆ ನಾಲ್ವರನ್ನು ಗುರುತಿಸಿದ್ದ ಸಂಗತಿಗೆ ತೂಕ ದೊರೆಯಿತು. 2019ರ ಮಾರ್ಚಿನಲ್ಲಿ ಅದೇ ಸರ್ವೋಚ್ಚ ನ್ಯಾಯಾಲಯವು ಆರೂ ಮಂದಿಯನ್ನು ನಿರ್ದೋಷಿಗಳೆಂದು ಬಿಡಿಸಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟರಲ್ಲಿ ಹದಿನಾರು ವರ್ಷಗಳು ಸಂದಿದ್ದವು. ಮೇಲ್ಮನವಿಯ ಬಾಗಿಲು ಒಂದೇ ಸಲಕ್ಕೆ ಮುಚ್ಚಿದ್ದರೆ ಆ ಆರು ಜೀವಗಳ ಗತಿಯೇನು?

ಇಷ್ಟು ಬರೆಯುವಾಗ ಇನ್ನೊಂದು ಮನೆಯನ್ನು ನಾವು ಮರೆತಿಲ್ಲ. ಬದುವಿನ ಆಚೆ ಬದಿಯಲ್ಲಿಯೂ ಒಬ್ಬ ತಾಯಿಯಿದ್ದಾರೆ. ಅವರ ಮಗ ಯಾವ ತೀರ್ಪಿನಿಂದಲೂ ಮರಳಿ ಬಾರನು. ಆರೋಪಿ ಬಿಡುಗಡೆಯಾದರೆ, ಕಿರಿದಾದ ಅಪರಾಧಕ್ಕಷ್ಟೇ ಶಿಕ್ಷೆಯಾದರೆ, ಪರಿಹಾರ ಸಾಲದಾದರೆ ನೊಂದವರೇ ಮೇಲ್ಮನವಿ ಸಲ್ಲಿಸಬಹುದೆಂಬ ಹಕ್ಕು 2009ರ ಕೊನೆಯಲ್ಲಿ ಜಾರಿಗೆ ಬಂದಿತು. ಬಿಡುಗಡೆಯ ವಿರುದ್ಧ ಹೋಗಲು ಅವರು ಮುಂಚಿತವಾಗಿ ಅನುಮತಿ ಕೇಳಬೇಕಿಲ್ಲವೆಂದು 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿದುದು ಕರ್ನಾಟಕದಿಂದಲೇ ಹೋದ ಪ್ರಕರಣದಲ್ಲಿ. ಒಂದೇ ತಕ್ಕಡಿ ಎರಡೂ ಮನೆಗಳಿಗೆ ಸಲ್ಲುತ್ತದೆ.

ಮರುದಿನ ಬೆಳಿಗ್ಗೆ ಆ ತಾಯಿಯೊಡನೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಗೆ ಹೋಗಿ ಬಂದೆವು. ಮೇಲ್ಮನವಿ ಅವಧಿಯೊಳಗೇ ಸಲ್ಲಿಕೆಯಾಗಿದೆ, ಹೊಲ ಉಳಿದಿದೆ. ಮಗ ತಪ್ಪಿತಸ್ಥನೋ ಅಲ್ಲವೋ ನಾವು ಹೇಳಲಾರೆವು. ಹೇಳಬೇಕಾದವರು ಕಡತವನ್ನು ಮತ್ತೊಮ್ಮೆ ಓದಲಿದ್ದಾರೆ. ಆದರೆ ಆ ಮನೆಯ ಒಲೆಯ ಬೆಂಕಿಯನ್ನು ಊರವರು ಮುಟ್ಟುತ್ತಿಲ್ಲ, ಮೊಮ್ಮಗಳ ಸಂಬಂಧ ಮುರಿದುಬಿದ್ದಿದೆ. ನ್ಯಾಯಾಲಯವು ಶಿಕ್ಷೆ ವಿಧಿಸಿದ್ದು ಒಬ್ಬನಿಗೆ; ಇಡೀ ಮನೆಗೆ ವಿಧಿಸಿದವರು ನಾವು. ಆ ಶಿಕ್ಷೆಗೆ ಮೇಲ್ಮನವಿಯನ್ನು ಆಲಿಸಬೇಕಾದವರೂ ನಾವೇ ಅಲ್ಲವೇ?