ಅಳಿಸಿದ್ದೆಲ್ಲ ಅಳಿಯುವುದಿಲ್ಲ

“ಅಯ್ಯೋ, ಮಗಳ ಮದುವೆ ಫೋಟೋ ಎಲ್ಲಾ ಹೋಯ್ತು!” ಹಿಂದೆ ಆಲ್ಬಮ್ಮಿಗೆ ಗೆದ್ದಲು ಹಿಡಿದಾಗ ಕೇಳಿಬರುತ್ತಿದ್ದ ಈ ಕೂಗು ಈಗ ಕಂಪ್ಯೂಟರಿನ ಮುಂದೆ ಕೇಳಿಬರುತ್ತದೆ. ಮನೆಯ ಲೆಕ್ಕ, ಮಕ್ಕಳ ಅಂಕಪಟ್ಟಿ, ತೀರಿಕೊಂಡ ಹಿರಿಯರ ಧ್ವನಿ, ಅತ್ತೆಯವರು ಹೇಳಿ ಬರೆಸಿದ ಉಪ್ಪಿನಕಾಯಿಯ ಅಳತೆ, ಎಲ್ಲವೂ ಅದರ ಹೊಟ್ಟೆ ಸೇರಿರುವ ಕಾಲ ಇದು. ಕೈತಪ್ಪಿ ಡಿಲೀಟ್ ಗುಂಡಿ ಒತ್ತಿದರೆ ಎದೆ ಧಸಕ್ಕೆನ್ನುವುದು ಸಹಜವೇ. ಆದರೆ ಗಾಬರಿ ಬೇಡ. ಅಳಿಸಿದ ಫೈಲು ಸಾಮಾನ್ಯವಾಗಿ ಆ ಕ್ಷಣಕ್ಕೇ ನಾಶವಾಗುವುದಿಲ್ಲ. ಅದು ಸಿಗುವುದೂ ಬಿಡುವುದೂ ಬಹುಮಟ್ಟಿಗೆ ಆಮೇಲೆ ನೀವೇನು ಮಾಡುತ್ತೀರಿ ಎನ್ನುವುದನ್ನು ಅವಲಂಬಿಸಿದೆ.

ಮೊದಲು ಬುಟ್ಟಿ ನೋಡಿ

ಈಗತಾನೆ ಅಳಿಸಿದ್ದಾದರೆ ಕಂಟ್ರೋಲ್ ಗುಂಡಿಯ ಜೊತೆ ‘ಝಡ್’ ಒತ್ತಿ ನೋಡಿ. ಎಷ್ಟೋ ಸಲ ಫೈಲು ಹಾಗೇ ವಾಪಸು ಬರುತ್ತದೆ. ಬರಲಿಲ್ಲವೇ? ವಿಂಡೋಸ್ ಕಂಪ್ಯೂಟರಿನಲ್ಲಿ ರೀಸೈಕಲ್ ಬಿನ್ ಎಂಬ ಕಸದ ಬುಟ್ಟಿಯ ಚಿತ್ರವಿರುತ್ತದೆ. ೧೯೯೫ರಿಂದಲೂ ಅದು ಅಲ್ಲೇ ಇದೆ. ಅದನ್ನು ತೆರೆದು, ಬೇಕಾದ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ರಿಸ್ಟೋರ್’ ಎಂದರಾಯಿತು, ಫೈಲು ತನ್ನ ಹಳೆಯ ಜಾಗಕ್ಕೆ ಹೋಗಿ ಕೂರುತ್ತದೆ.

ಒಂದು ಎಚ್ಚರಿಕೆ: ಪೆನ್ ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಈ ಬುಟ್ಟಿಗೆ ಬರುವುದಿಲ್ಲ. ಶಿಫ್ಟ್ ಗುಂಡಿ ಹಿಡಿದು ಡಿಲೀಟ್ ಮಾಡಿದ್ದೂ ಬರುವುದಿಲ್ಲ. ಗೂಗಲ್ ಡ್ರೈವಿನಲ್ಲಿಟ್ಟ ಫೈಲಾದರೆ ಅದಕ್ಕೆ ಬೇರೆಯೇ ಬುಟ್ಟಿ ಇದೆ. ಅಲ್ಲಿ ೩೦ ದಿನ ಇದ್ದು ಆಮೇಲೆ ತಾನಾಗಿಯೇ ಹೋಗಿಬಿಡುತ್ತದೆ.

ಚೀಟಿ ಕಿತ್ತ ಡಬ್ಬ

ಬುಟ್ಟಿಯೂ ಖಾಲಿಯಾಗಿದ್ದರೆ? ಆಗಲೂ ದಾರಿ ಇದೆ. ಅಡುಗೆಮನೆಯ ಡಬ್ಬಗಳನ್ನೇ ನೆನೆಸಿಕೊಳ್ಳಿ. ‘ಕಡಲೆಬೇಳೆ’ ಎಂದು ಬರೆದ ಚೀಟಿಯನ್ನು ಕಿತ್ತ ಮಾತ್ರಕ್ಕೆ ಒಳಗಿನ ಬೇಳೆ ಎಲ್ಲಿ ಹೋಗುತ್ತದೆ? ಹಾರ್ಡ್ ಡಿಸ್ಕಿನಲ್ಲೂ ಆಗುವುದು ಇಷ್ಟೇ. ಕಂಪ್ಯೂಟರ್ ಚೀಟಿ ಕಿತ್ತು ‘ಈ ಡಬ್ಬ ಖಾಲಿ’ ಎಂದು ಗುರುತು ಹಾಕಿಕೊಳ್ಳುತ್ತದೆ. ಮುಂದೆ ಬೇರೇನಾದರೂ ತಂದು ಅದೇ ಡಬ್ಬಕ್ಕೆ ಸುರಿದಾಗಲೇ ಹಳೆಯದು ನಿಜವಾಗಿ ಹೋಗುವುದು. ಅಮೆರಿಕದ ಪೀಟರ್ ನಾರ್ಟನ್ ೧೯೮೨ರಲ್ಲೇ ಈ ಗುಟ್ಟನ್ನು ಬಳಸಿ, ಅಳಿಸಿದ ಫೈಲನ್ನು ಮರಳಿ ತರುವ ಪ್ರೋಗ್ರಾಮನ್ನು ಮಾರುಕಟ್ಟೆಗೆ ತಂದರು.

ಹಾಗಾಗಿ ಮೊದಲ ಕೆಲಸವೆಂದರೆ ಕಂಪ್ಯೂಟರ್ ಬಳಸುವುದನ್ನು ನಿಲ್ಲಿಸುವುದು. ಸಿನಿಮಾ ಇಳಿಸಬೇಡಿ, ಹೊಸ ಫೋಟೋ ತುಂಬಬೇಡಿ. ಕ್ಯಾಮೆರಾದ ಕಾರ್ಡಿನಿಂದ ಹೋಗಿದ್ದರೆ ಕಾರ್ಡನ್ನು ತೆಗೆದು ಪಕ್ಕಕ್ಕಿಡಿ. ರೆಕುವಾ, ಫೋಟೋರೆಕ್ ಮುಂತಾದ ಹುಡುಕುವ ಪ್ರೋಗ್ರಾಮುಗಳು ದುಡ್ಡಿಲ್ಲದೆ ಸಿಗುತ್ತವೆ. ಆದರೆ ಫೈಲು ಕಳೆದುಹೋದ ಡಿಸ್ಕಿಗೇ ಅದನ್ನು ಹಾಕಬೇಡಿ; ಹುಡುಕಲು ಬಂದವನೇ ಬೇಳೆಯ ಮೇಲೆ ಅಕ್ಕಿ ಸುರಿದ ಹಾಗಾದೀತು! ಬೇರೆ ಕಂಪ್ಯೂಟರಿನಲ್ಲಿ ಇಳಿಸಿ, ಪೆನ್ ಡ್ರೈವಿನಲ್ಲಿ ತಂದು ನಡೆಸಿ. ಸಿಕ್ಕಿದ್ದನ್ನೂ ಬೇರೆ ಡ್ರೈವಿಗೇ ತುಂಬಿಕೊಳ್ಳಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮಾತ್ರ ಯಾವ ಪ್ರಯೋಗವೂ ಬೇಡ. ಆರಿಸಿ, ತಿಳಿದವರ ಕೈಗೆ ಕೊಡಿ.

ಹೊಸ ಲ್ಯಾಪ್‌ಟಾಪುಗಳ ಮಾತು ಬೇರೆ. ಅವುಗಳಲ್ಲಿ ತಿರುಗುವ ಡಿಸ್ಕಿನ ಬದಲು ಎಸ್‌ಎಸ್‌ಡಿ ಇರುತ್ತದೆ. ಚೀಟಿ ಕಿತ್ತ ಡಬ್ಬಗಳನ್ನು ಅದು ಬೇಗನೆ ತಾನೇ ತೊಳೆದಿಟ್ಟುಬಿಡುತ್ತದೆ. ಬುಟ್ಟಿಯಿಂದಲೂ ಹೋದ ಮೇಲೆ ಅಲ್ಲಿ ಫೈಲು ಸಿಗುವುದು ಅಪರೂಪ.

ತಾಯಿಯ ಮನೆಯಲ್ಲಿದ್ದ ಪ್ರತಿ

ಆದ್ದರಿಂದ ಹೋದ ಮೇಲೆ ಹುಡುಕುವುದಕ್ಕಿಂತ ಮೊದಲೇ ಇನ್ನೊಂದು ಪ್ರತಿ ಇಡುವುದು ಜಾಣತನ. ಇದಕ್ಕೊಂದು ಸೊಗಸಾದ ನಿದರ್ಶನವಿದೆ. ೧೯೯೮ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ ೨’ ಚಿತ್ರ ತಯಾರಿಸುತ್ತಿತ್ತು. ಯಾರೋ ತಪ್ಪಾದ ಜಾಗದಲ್ಲಿ ಅಳಿಸುವ ಆಜ್ಞೆ ಕೊಟ್ಟು, ಚಿತ್ರದ ಬಹುಪಾಲು ಫೈಲುಗಳು ಮಾಯವಾದವು. ಕಾದಿಟ್ಟ ಪ್ರತಿ ಇರಬೇಕಲ್ಲ ಎಂದು ನೋಡಿದರೆ ಅದೂ ಕೆಟ್ಟಿತ್ತು. ಸರಿಯಾಗಿದೆಯೇ ಎಂದು ಯಾರೂ ತೆರೆದು ನೋಡಿರಲಿಲ್ಲ. ತಂಡದ ತಾಂತ್ರಿಕ ನಿರ್ದೇಶಕಿ ಗ್ಯಾಲಿನ್ ಸುಸ್ಮನ್ ಆಗ ಎಳೆಮಗುವಿನ ತಾಯಿ. ಮಗುವನ್ನು ನೋಡಿಕೊಳ್ಳುತ್ತಲೇ ಕೆಲಸ ಮಾಡಲೆಂದು ಚಿತ್ರದ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದರು. ಆ ಕಂಪ್ಯೂಟರಿಗೆ ಕಂಬಳಿ ಸುತ್ತಿ, ಕಾರಿನಲ್ಲಿ ಜೋಪಾನವಾಗಿ ಆಫೀಸಿಗೆ ತಂದರು. ಕೆಲಸ ಉಳಿಯಿತು!

ನಮ್ಮ ಮನೆಗೂ ಇದೇ ನೀತಿ. ಮುಖ್ಯವಾದದ್ದರ ಮೂರು ಪ್ರತಿ ಇರಲಿ: ಒಂದು ಕಂಪ್ಯೂಟರಿನಲ್ಲಿ, ಒಂದು ಬೀರುವಿನಲ್ಲಿಡುವ ಬೇರೆ ಡಿಸ್ಕಿನಲ್ಲಿ, ಮತ್ತೊಂದು ತವರಿನಲ್ಲೋ ಗೂಗಲ್ ಡ್ರೈವಿನಂಥ ಕಡೆಯಲ್ಲೋ. ತಿಂಗಳಿಗೊಮ್ಮೆ ಹೊಸದನ್ನು ಸೇರಿಸಿ, ಒಂದೆರಡನ್ನು ತೆರೆದೂ ನೋಡಿ.

ಮಾರುವ ಮುನ್ನ

ಕೊನೆಯದಾಗಿ ಇನ್ನೊಂದು ಮಾತು. ಅಳಿಸಿದ್ದು ನಿಮಗೆ ಸಿಗುವ ಹಾಗೆ ಪರರಿಗೂ ಸಿಕ್ಕೀತು. ಹಳೆಯ ಕಂಪ್ಯೂಟರನ್ನು ಮಾರುವಾಗ ಬರೀ ಡಿಲೀಟ್ ಮಾಡಿ ಕೊಟ್ಟರೆ ಮನೆಯ ಫೋಟೋ, ಬ್ಯಾಂಕಿನ ವಿವರ ಕಂಡವರ ಪಾಲಾಗಬಹುದು. ವಿಂಡೋಸಿನ ಸೆಟ್ಟಿಂಗ್ಸ್‌ನಲ್ಲಿ ‘ರೀಸೆಟ್’ ಆರಿಸಿ, ಎಲ್ಲವನ್ನೂ ತೆಗೆದು ಡ್ರೈವನ್ನು ಪೂರ್ತಿ ಸ್ವಚ್ಛ ಮಾಡುವ ಆಯ್ಕೆಯನ್ನು ಒತ್ತಿ. ಗಂಟೆಗಟ್ಟಲೆ ಹಿಡಿದರೂ ಚಿಂತೆಯಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಿಂತ ಇದು ಮೇಲಲ್ಲವೇ?