ಕಾಣದ ಸಂತೆ

ಹುಕ್ಕೇರಿಯ ಸಂತೆಯಲ್ಲಿ ಮಾರುವವನೂ ಕೊಳ್ಳುವವನೂ ಎದುರುಬದುರು ನಿಲ್ಲುತ್ತಾರೆ. ಕಾಳನ್ನು ಅಂಗೈಯಲ್ಲಿ ಹಿಡಿದು ನೋಡಬಹುದು. ಮೆಣಸಿನಕಾಯಿಯನ್ನು ಮುರಿದು ಪರೀಕ್ಷಿಸಬಹುದು. ದೋಷ ಕಂಡರೆ ಮುಂದಿನ ಸಂತೆಯಲ್ಲಿ ಮಾರಿದವನನ್ನೇ ಕೇಳಬಹುದು. ಆದರೆ ಮೊಬೈಲಿನಲ್ಲಿ ತೆರೆದುಕೊಳ್ಳುವ ಅಂತರಜಾಲದ ಸಂತೆಯಲ್ಲಿ ವ್ಯಾಪಾರಿಯ ಮುಖ ಕಾಣದು. ವಸ್ತುವಿನ ಮೂಲ ತಿಳಿಯದು. ಈ ಮರೆಯನ್ನೇ ಆಶ್ರಯಿಸಿ ವನ್ಯಜೀವಿಗಳ ಕಳ್ಳವ್ಯಾಪಾರವು ಬೆಳೆದಿದೆ. ಅದರ ಬಗೆಯನ್ನು ಅರಿಯಲು ಉಡವೊಂದರ ನಿದರ್ಶನವೇ ಸಾಕು.

ಉಡವು ಹೊಲದ ಬದು, ಕಲ್ಲುಪೊಟರೆ, ಹಳೆಯ ಮರಗಳ ಬುಡಗಳಲ್ಲಿ ವಾಸಿಸುವ ಸಾಧು ಪ್ರಾಣಿ. ಹುಳುಹುಪ್ಪಟೆಗಳನ್ನೂ ಇಲಿಗಳನ್ನೂ ತಿಂದು ಅದು ರೈತನಿಗೆ ಉಪಕಾರ ಮಾಡುತ್ತದೆ. ಹಿಡಿದುದನ್ನು ಬಿಡದವರ ಛಲವನ್ನು ಕನ್ನಡಿಗರು ‘ಉಡದ ಪಟ್ಟು’ ಎನ್ನುತ್ತಾರೆ. ಹುಕ್ಕೇರಿಗೆ ದೂರವಲ್ಲದ ಮುಧೋಳದ ಅರಸರ ‘ಘೋರ್ಪಡೆ’ ಎಂಬ ಮನೆತನದ ಹೆಸರೂ ಮರಾಠಿಯಲ್ಲಿ ಉಡಕ್ಕಿರುವ ಹೆಸರಿನಿಂದಲೇ ಬಂದುದೆಂದು ಐತಿಹ್ಯವಿದೆ.

ಇಂತಹ ಪ್ರಾಣಿಗೆ ಮೂಢನಂಬಿಕೆಯೊಂದು ಮೃತ್ಯುವಾಗಿ ಪರಿಣಮಿಸಿತು. ‘ಹಾಥಾ ಜೋಡಿ’ ಎಂಬ ವಸ್ತುವನ್ನು ಮನೆಯಲ್ಲಿಟ್ಟರೆ ಧನಲಾಭವಾಗುವುದೆಂದೂ ಶತ್ರುಭಯ ನೀಗುವುದೆಂದೂ ಪ್ರಚಾರ ಮಾಡಿ, ಅಂತರಜಾಲದಲ್ಲಿ ಅದನ್ನು ಮಾರತೊಡಗಿದರು. ಜೋಡಿಸಿದ ಎರಡು ಕೈಗಳಂತೆ ತೋರುವ ಅದು ಅಪರೂಪದ ಗಿಡದ ಬೇರು ಎಂಬುದು ಮಾರುವವರ ಮಾತು. ಪ್ರಯೋಗಾಲಯಗಳ ಪರೀಕ್ಷೆ ಸತ್ಯವನ್ನು ಹೊರಗೆಡವಿತು. ಅದು ಬೇರಾಗಿರಲಿಲ್ಲ, ಗಂಡು ಉಡದ ಒಣಗಿಸಿದ ಜನನಾಂಗವಾಗಿತ್ತು. 2017ರಲ್ಲಿ ಈ ವಂಚನೆ ಜಗತ್ತಿಗೆಲ್ಲ ತಿಳಿಯಿತು. ಪೂಜೆಯ ವಸ್ತುವೆಂದು ಭಕ್ತಿಯಿಂದ ಕೊಂಡವರು ತಮಗರಿವಿಲ್ಲದೆಯೇ ಒಂದು ಹತ್ಯೆಗೆ ಹಣ ತೆತ್ತಿದ್ದರು.

ಇದನ್ನು ತಡೆಯುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ಭಾರತದ ವನ್ಯಜೀವಿ ಅಪರಾಧ ನಿಯಂತ್ರಣ ಬ್ಯೂರೊ ಇಂತಹ ಮಾರಾಟ ನಡೆಯುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಗುರುತಿಸಿದುದು 2016ರಲ್ಲಿ ಪ್ರಕಟವಾಯಿತು. 2018ರಲ್ಲಿ ಜಗತ್ತಿನ 21 ಅಂತರಜಾಲ ಸಂಸ್ಥೆಗಳು ಈ ಪಿಡುಗಿನ ವಿರುದ್ಧ ಒಂದು ಒಕ್ಕೂಟವಾಗಿ ಸೇರಿದವು. ನಿಷಿದ್ಧ ವಸ್ತುಗಳ ಹೆಸರುಗಳನ್ನು ಗಣಕಯಂತ್ರಕ್ಕೆ ಕಲಿಸಿದರೆ, ಅವು ಕಂಡೊಡನೆ ಜಾಹೀರಾತನ್ನು ಅಳಿಸಬಹುದು. ಆದರೆ ಕಳ್ಳನು ಹೆಸರನ್ನೇ ಬದಲಿಸಿಬಿಡುತ್ತಾನೆ. ಅಂಗವನ್ನು ಬೇರೆಂದು ಕರೆದರೆ ಯಂತ್ರವು ಬೇರೆಂದೇ ನಂಬೀತು. ಬಹಿರಂಗ ಅಂಗಡಿ ಮುಚ್ಚಿದರೆ ವ್ಯಾಪಾರವು ಖಾಸಗಿ ಸಂದೇಶಗಳ ಮರೆಗೆ ಸರಿಯುತ್ತದೆ.

ಕಾನೂನಾದರೋ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡವನ್ನು ಹುಲಿ, ಆನೆಗಳೊಡನೆ ಮೊದಲನೆಯ ಅನುಸೂಚಿಯಲ್ಲಿ ಸೇರಿಸಿದೆ. ಅದರ ಅಂಗಗಳನ್ನು ಮಾರುವುದಷ್ಟೇ ಅಲ್ಲ, ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಇದಕ್ಕೆ ಮೂರರಿಂದ ಏಳು ವರ್ಷಗಳ ಸೆರೆಮನೆವಾಸವಿದೆ. 2022ರ ತಿದ್ದುಪಡಿಯ ಮೇರೆಗೆ ಇಪ್ಪತ್ತೈದು ಸಾವಿರ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡವೂ ಉಂಟು.

ಆದರೂ ಯಂತ್ರಕ್ಕೂ ಕಾನೂನಿಗೂ ನಿಲುಕದ ಒಂದು ಎಡೆಯಿದೆ. ಅದು ಕೊಳ್ಳುವವನ ಮನಸ್ಸು. ಅದೃಷ್ಟವನ್ನು ಮಾರುವೆನೆಂಬ ಜಾಹೀರಾತು ಕಣ್ಣಿಗೆ ಬಿದ್ದಾಗ ‘ಇದು ಯಾವ ಜೀವಿಯದು? ಎಲ್ಲಿಂದ ಬಂತು?’ ಎಂದು ಕೇಳುವ ವಿವೇಕ ಬೇಕು. ಕುತೂಹಲಕ್ಕಾಗಿ ಅದನ್ನು ಗೆಳೆಯರಿಗೆ ಕಳುಹಿಸಿದರೂ ಕಳ್ಳನಿಗೆ ಪುಕ್ಕಟೆ ಪ್ರಚಾರ ದೊರೆಯುತ್ತದೆ. ಅದರ ಬದಲು ಹಿರಿಯರ ಮೂಲಕ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸುವುದು ಉಚಿತ. ಮನೆಯ ಸಿರಿ ದುಡಿಮೆಯಿಂದ ಬರುವುದೇ ಹೊರತು ಮೂಕಪ್ರಾಣಿಯ ಒಣಗಿದ ಅಂಗದಿಂದಲ್ಲ. ಕೊಳ್ಳುವವರು ಇಲ್ಲವಾದರೆ ಎಂತಹ ಸಂತೆಯೂ ತಾನಾಗಿ ಚದುರುತ್ತದೆ. ಬದುವಿನ ಉಡವೂ ಬದುಕಿ ಉಳಿಯುತ್ತದೆ.