ಕನ್ನಡಕ ಹಾಕುವವರು ಪೈಲಟ್ ಆಗಬಹುದೇ?

ಮಗುವಿಗೆ ಕನ್ನಡಕ ಬಂದರೆ ವಿಮಾನ ಹಾರಿಸುವ ಆಸೆ ಬಿಡಬೇಕೆಂದು ಅನೇಕ ಪಾಲಕರು ತಿಳಿದಿದ್ದಾರೆ. ಈ ಭಯದಿಂದಲೇ ಕೆಲವು ಮಕ್ಕಳು ಕಣ್ಣು ಮಂಜಾಗುವುದನ್ನು ಮನೆಯಲ್ಲಿ ಹೇಳುವುದಿಲ್ಲ. ಇದು ತಪ್ಪು ತಿಳಿವಳಿಕೆ.

ನಿಯಮ ಏನು?

ವಿಮಾನಯಾನ ಕಂಪನಿಯ ಪೈಲಟ್ ಆಗಲು ಒಂದನೇ ದರ್ಜೆಯ (ಕ್ಲಾಸ್ 1) ವೈದ್ಯಕೀಯ ಪ್ರಮಾಣಪತ್ರ ಬೇಕು. ಅಂತರರಾಷ್ಟ್ರೀಯ ನಿಯಮದಂತೆ ಇದಕ್ಕೆ ದೂರದೃಷ್ಟಿ ಪ್ರತಿ ಕಣ್ಣಿಗೂ ಕನಿಷ್ಠ 6/9, ಎರಡೂ ಕಣ್ಣು ಸೇರಿ 6/6 ಇರಬೇಕು. 6/9 ಎಂದರೆ, ಆರೋಗ್ಯವಂತ ಕಣ್ಣು 9 ಮೀಟರ್ ದೂರದಿಂದ ಓದುವ ಅಕ್ಷರವನ್ನು ನೀವು 6 ಮೀಟರ್‌ನಿಂದ ಓದುತ್ತೀರಿ ಎಂದರ್ಥ. ಇಷ್ಟು ದೃಷ್ಟಿ ಕನ್ನಡಕದಿಂದ ಬಂದರೂ ಸಾಕು. ಆದರೆ ಹಾರಾಟದಲ್ಲಿ ಅದನ್ನು ಧರಿಸಲೇಬೇಕು, ಇನ್ನೊಂದು ಜೊತೆ ಕನ್ನಡಕ ಕೈಗೆಟಕುವಂತಿರಬೇಕು. ಹತ್ತಿರದ ಸಣ್ಣ ಅಕ್ಷರಗಳ ಓದನ್ನೂ ಪರೀಕ್ಷಿಸುತ್ತಾರೆ. ವಾಯುಪಡೆಯ ನಿಯಮಗಳು ಬೇರೆ.

ಬಣ್ಣದ ಪರೀಕ್ಷೆ ಏಕೆ?

ರಾತ್ರಿ ಎದುರಿನ ವಿಮಾನದ ಎಡ ರೆಕ್ಕೆಯಲ್ಲಿ ಕೆಂಪು, ಬಲ ರೆಕ್ಕೆಯಲ್ಲಿ ಹಸಿರು ದೀಪ ಇರುತ್ತದೆ. ಅದು ಯಾವ ಕಡೆಗೆ ಸಾಗುತ್ತಿದೆ ಎಂಬುದು ಇವುಗಳಿಂದಲೇ ತಿಳಿಯುತ್ತದೆ. ರನ್‌ವೇ ಪಕ್ಕದ ನಾಲ್ಕು ಮಾರ್ಗದರ್ಶಿ ದೀಪಗಳು ಎಲ್ಲವೂ ಕೆಂಪಾಗಿ ಕಂಡರೆ ವಿಮಾನ ತೀರ ಕೆಳಗೆ ಬಂದಿದೆ ಎಂದರ್ಥ. ಇಲ್ಲಿ ಬಣ್ಣ ತಪ್ಪಿದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುವ ಇಶಿಹಾರಾ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ತಪ್ಪಿದವರಿಗೆ ಸಂಕೇತದ ಬಣ್ಣಗಳು ಗುರುತಾಗುತ್ತವೆಯೇ ಎಂದು ದೀಪದ ಪರೀಕ್ಷೆ ಮಾಡುವುದುಂಟು.

ಹುಟ್ಟಿನಿಂದ ಬರುವ ಬಣ್ಣಗುರುಡು ಕನ್ನಡಕದಿಂದಾಗಲಿ ಔಷಧದಿಂದಾಗಲಿ ವಾಸಿಯಾಗುವುದಿಲ್ಲ. ಇದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಅಜ್ಜನಿಂದ ಮಗಳ ಮೂಲಕ ಮೊಮ್ಮಗನಿಗೆ ಬರಬಹುದು. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಇದ್ದವರಿಗೇ ಅನೇಕ ವರ್ಷ ತಿಳಿಯದೆಯೂ ಇರಬಹುದು.

ನೀವು ಮಾಡಬೇಕಾದದ್ದು

1. ತರಬೇತಿಗೆ ಲಕ್ಷಾಂತರ ರೂಪಾಯಿ ಬೇಕು. ಹೊಲ ಮಾರುವ, ಸಾಲ ತರುವ ಮೊದಲು ಕಣ್ಣಿನ ಮತ್ತು ಬಣ್ಣದ ಪರೀಕ್ಷೆ ಮಾಡಿಸಿರಿ. ಇಶಿಹಾರಾ ಪರೀಕ್ಷೆಗೆ ಕೆಲವೇ ನಿಮಿಷ ಸಾಕು, ನೋವಿಲ್ಲ.

2. ಇದು ಪ್ರಾಥಮಿಕ ತಪಾಸಣೆ ಮಾತ್ರ. ಪ್ರಮಾಣಪತ್ರಕ್ಕಾಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ (ಡಿಜಿಸಿಎ) ಮಾನ್ಯ ಮಾಡಿದ ವೈದ್ಯರಲ್ಲಿಯೇ ಪರೀಕ್ಷೆ ಆಗಬೇಕು. ಮೊದಲು ಎರಡನೇ ದರ್ಜೆ, ನಂತರ ಒಂದನೇ ದರ್ಜೆ.

3. ಪೈಲಟ್ ಆಗುವುದಕ್ಕೆಂದೇ ಅವಸರದಲ್ಲಿ ಲೇಸರ್ ಚಿಕಿತ್ಸೆ ಮಾಡಿಸಬೇಡಿರಿ. ಮೊದಲು ಆ ವೈದ್ಯರನ್ನು ಕೇಳಿರಿ. ಚಿಕಿತ್ಸೆ ಆಗಿದ್ದರೆ ಕಾಗದಪತ್ರ ಜೋಪಾನವಾಗಿಡಿರಿ, ಪರೀಕ್ಷೆಯಲ್ಲಿ ಮುಚ್ಚಿಡಬೇಡಿರಿ.

4. ಕನ್ನಡಕದ ನಂಬರನ್ನು ವರ್ಷಕ್ಕೊಮ್ಮೆ ತೋರಿಸಿರಿ.

ಬಣ್ಣದ ಪರೀಕ್ಷೆಯಲ್ಲಿ ತೊಂದರೆ ಕಂಡುಬಂದರೆ ಮಗುವನ್ನು ಹಳಿಯಬೇಡಿರಿ. ಹತ್ತನೇ ತರಗತಿಯಲ್ಲಿ ತಿಳಿದರೆ ಬೇರೆ ದಾರಿ ನೋಡಲು ಸಮಯವಿರುತ್ತದೆ. ಹಣ ಕಟ್ಟಿದ ಮೇಲೆ ತಿಳಿದರೆ ಇಡೀ ಮನೆತನಕ್ಕೆ ಕಷ್ಟ. ಇಂದು ನಿಮ್ಮೊಂದಿಗೆ ಮಕ್ಕಳು ಬಂದಿದ್ದರೆ ನೇತ್ರ ವಿಭಾಗದಲ್ಲಿ ವಿಚಾರಿಸಿರಿ.